ಹನ್ನೊಂದನೆಯ ಮಹಡಿಯ ಬಾವುಟ

ನಮ್ಮ ತಾರಸಿಯ ಅಂಚಿಗೆ ನಾನು ಬರುವುದಿಲ್ಲ ಎಂದು ನೀವಿಬ್ಬರೂ ನಗುತ್ತೀರಿ. ಅಜ್ಜಿಗೆ ಹೆದರಿಕೆ, ಅಜ್ಜಿಗೆ ಹೆದರಿಕೆ ಎಂದು ಚಪ್ಪಾಳೆ ತಟ್ಟುತ್ತೀರಿ. ಹೆದರಿಕೆ ಇರುವುದು ನಿಜ. ಅದು ಎಲ್ಲಿಂದ ಬಂತು ಎಂದು ಬಾಯಲ್ಲಿ ಹೇಳಲು ನನಗೆ ಸಂಕೋಚ. ಅದಕ್ಕೇ ಬರೆದಿಡುತ್ತಿದ್ದೇನೆ. ದೊಡ್ಡವರಾದ ಮೇಲೆ ಓದಿಕೊಳ್ಳಿ.

ಬ್ರಿಟನ್ ದೇಶದವರು ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಬೇಡವೋ ಎಂದು ಮತ ಹಾಕಿದ ವರ್ಷ ಅದು. ನಾನು ಆಗ ಸಿಂಗಾಪುರದ ಟ್ಯಾಂಪಿನೀಸಿನಲ್ಲಿ, ಹನ್ನೊಂದನೆಯ ಮಹಡಿಯ ಒಂದು ಮನೆಯಲ್ಲಿ, ಎಂಬತ್ತು ದಾಟಿದ ಮುದುಕಿಯೊಬ್ಬರನ್ನು ನೋಡಿಕೊಳ್ಳುತ್ತಿದ್ದೆ. ನಿಮ್ಮ ತಾತ ಹೋಗಿ ಮೂರು ವರ್ಷವಾಗಿತ್ತು. ನಿಮ್ಮ ಅಮ್ಮ ಹಾಸನದಲ್ಲಿ ನರ್ಸಿಂಗ್ ಎರಡನೆಯ ವರ್ಷ ಓದುತ್ತಿದ್ದಳು. ನನ್ನ ಕೆಲಸದ ಪರ್ಮಿಟ್ಟು ಸೆಪ್ಟೆಂಬರಿಗೆ ಮುಗಿಯುತ್ತಿತ್ತು. ಮುದುಕಿಯ ಮಗ ಅದನ್ನು ಇನ್ನೆರಡು ವರ್ಷಕ್ಕೆ ಮುಂದುವರಿಸಿದರೆ ನಿಮ್ಮ ಅಮ್ಮನ ಓದು ಮುಗಿಯುತ್ತದೆ. ಇಲ್ಲದಿದ್ದರೆ ಅರ್ಧಕ್ಕೆ ನಿಲ್ಲುತ್ತದೆ. ಒಲೆಯ ಮುಂದೆ ನಿಂತರೂ, ನೆಲ ಒರೆಸಿದರೂ, ಈ ಒಂದೇ ಮಾತು ನನ್ನ ತಲೆಯಲ್ಲಿ ಇರುತ್ತಿತ್ತು.

ಮುದುಕಿಯನ್ನು ನಾನು ಆಂಟಿ ಎನ್ನುತ್ತಿದ್ದೆ. ಅವರು ನನ್ನನ್ನು ‘ಗರ್ಲ್’ ಎನ್ನುತ್ತಿದ್ದರು. ನನಗೆ ಆಗ ನಲವತ್ತಾರು. ನಮ್ಮಿಬ್ಬರ ಮಾತು ಮುರುಕು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಅವರ ಮೈಬಣ್ಣ ನನ್ನದೇ, ಕಣ್ಣು ಮಾತ್ರ ಬೆಕ್ಕಿನ ಕಣ್ಣಿನ ಹಾಗೆ. ಎಷ್ಟೋ ತಲೆಮಾರಿನ ಹಿಂದೆ ಪೋರ್ಚುಗಲ್ಲಿನಿಂದ ಹಡಗಿನಲ್ಲಿ ಬಂದವನೊಬ್ಬ ಆ ಕಡೆಯ ಹೆಣ್ಣನ್ನೇ ಮದುವೆಯಾಗಿ ಉಳಿದನಂತೆ. ಅವನ ಸಂತತಿ ಇವರು. ಇಂಥವರನ್ನು ಅಲ್ಲಿ ಯುರೇಷಿಯನ್ನರು ಎನ್ನುತ್ತಾರೆ. ಹಬ್ಬಕ್ಕೆ ಅವರು ನನ್ನಿಂದ ಒಂದು ಕೇಕು ಮಾಡಿಸುತ್ತಿದ್ದರು. ನಮ್ಮಜ್ಜಿಯ ಕಾಲದ್ದು, ಯುರೋಪಿನದು ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಹಿಟ್ಟಿನ ಬದಲು ಅದಕ್ಕೆ ಹಾಕುತ್ತಿದ್ದುದು ನಮ್ಮ ಉಪ್ಪಿಟ್ಟಿನ ರವೆ.

ಸಂಜೆ ಐದಕ್ಕೆ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಲಿಫ್ಟಿನಲ್ಲಿ ಕೆಳಗೆ ಕರೆದೊಯ್ಯುತ್ತಿದ್ದೆ. ಕಟ್ಟಡದ ಬುಡದಲ್ಲಿ ಗೋಡೆಯಿಲ್ಲದ ಹಜಾರವೊಂದಿದೆ. ವಾಯ್ಡ್ ಡೆಕ್ ಎನ್ನುತ್ತಾರೆ. ಅಲ್ಲಿನ ಕಲ್ಲುಮೇಜಿನ ಮುಂದೆ ಎಂಟನೆಯ ಮಹಡಿಯ ಚೀನೀ ಅಂಕಲ್, ದಾರ ಕಟ್ಟಿದ ಪ್ಲಾಸ್ಟಿಕ್ ಚೀಲದಿಂದ ಕಾಫಿ ಹೀರುತ್ತ ಕೂತಿರುತ್ತಿದ್ದರು. ಶಾಲೆಯ ಮೇಷ್ಟರಾಗಿ ನಿವೃತ್ತರಾದವರು, ಆ ಊರಿನವರ ಹಾಗೆ ಮಾತಿನ ಕೊನೆಗೆ ‘ಲಾ’ ಸೇರಿಸುವವರು. ಬ್ರಿಟನ್ ಒಕ್ಕೂಟ ಬಿಡುತ್ತದೆ ಎಂಬ ಸುದ್ದಿ ಟಿವಿಯಲ್ಲಿ ಬಂದ ಸಂಜೆ ಅವರು ದೂರದಿಂದಲೇ ಕೂಗಿದರು.

“ಮ್ಯಾಡಮ್ ಯುರೋಪ್! ಟಿವಿ ನೋಡಿದ್ರಾ? ನಿಮ್ಮ ಮನೆ ಒಡೀತು ಲಾ! ಅಣ್ಣ ಬೇರೆ, ತಮ್ಮ ಬೇರೆ!”

“ಯಾರ ಮನೆಯಯ್ಯಾ? ನನ್ನ ಮನೆ ಹನ್ನೊಂದನೇ ಮಹಡೀಲಿ ಗಟ್ಟಿಯಾಗಿದೆ, ನಿನ್ನ ತಲೆ ಮೇಲೆ” ಎಂದರು ಆಂಟಿ.

“ಹೆಸರು ಪೋರ್ಚುಗೀಸು, ತಂಗಿ ಆಸ್ಟ್ರೇಲಿಯಾದಲ್ಲಿ, ಊಟಕ್ಕೆ ಚಮಚ, ಫೋರ್ಕು. ನೀವು ಹೆಂಗೆ ನಮ್ಮೋರು?”

“ನಿಮ್ಮಪ್ಪ ಚೀನಾದ ಹಡಗಿಂದ ಇಳಿದಾಗ ನಮ್ಮಜ್ಜ ಇಲ್ಲಿನ ಅಂಚೆ ಕಚೇರೀಲಿ ಕೂತಿದ್ರು. ಊರಿಗೆ ಬರೆದ ಕಾಗದಕ್ಕೆ ಮುದ್ರೆ ಒತ್ತಿಕೊಟ್ಟಿದ್ದು ಅವರೇ ಇರಬೇಕು. ಥ್ಯಾಂಕ್ಸ್ ಹೇಳಿದ್ನಾ ನಿಮ್ಮಪ್ಪ?”

ಸುತ್ತ ಕೂತವರೆಲ್ಲ ನಕ್ಕರು. ಅಂಕಲ್ ನನ್ನ ಕಡೆ ತಿರುಗಿದರು. “ಏ ಗರ್ಲ್, ನೀನು ಹೊರಗಿನೋಳು, ನಿಜ ಹೇಳು. ನಿಮ್ಮ ಆಂಟಿ ನೋಡೋಕೆ ಯುರೋಪಿನವರ ಥರಾನಾ, ನಮ್ಮ ಥರಾನಾ?”

ನಾನು ನನ್ನ ಚಪ್ಪಲಿ ನೋಡಿಕೊಂಡು ನಿಂತೆ. ಎರಡು ವರ್ಷದಲ್ಲಿ ಆ ಹಜಾರದಲ್ಲಿ ನಾನು ಬಾಯಿ ತೆರೆದದ್ದೇ ಇಲ್ಲ.

ಮರುದಿನ ಸ್ನಾನ ಮಾಡಿಸುವಾಗ, ಬೆನ್ನಿನ ಕಡೆ ಇದ್ದೆನಾದ್ದರಿಂದ, ಹೇಗೋ ಧೈರ್ಯ ಬಂತು. “ಆಂಟಿ, ಅವರು ಹಾಗಂದ್ರೆ ನಿಮಗೆ ಬೇಜಾರಾಗಲ್ವಾ?”

ಅವರು ಮುಖದ ನೀರು ಒರೆಸಿಕೊಂಡರು. “ಬ್ರಿಟಿಷರಿದ್ದಾಗ ಅವರ ಕ್ಲಬ್ಬಿನ ಬಾಗಿಲಲ್ಲಿ ನಮ್ಮಪ್ಪನ್ನ ತಡೆದ್ರು, ನೀನು ಇಲ್ಲಿಯೋನು ಅಂತ. ಬ್ರಿಟಿಷರು ಹೋದ್ಮೇಲೆ ಇಲ್ಲಿಯವರು ಕೇಳಿದ್ರು, ನೀವಿನ್ನೂ ಹೋಗಿಲ್ವಾ ಅಂತ. ತಂಗಿ ಹೋದಳು. ನಾನು ಹೋಗ್ಲಿಲ್ಲ. ಯುರೋಪನ್ನ ನಾನು ನೋಡಿರೋದು ಬಿಸ್ಕತ್ ಡಬ್ಬದ ಮುಚ್ಚಳದ ಮೇಲೆ ಕಣೇ.” ಆಮೇಲೆ ಕೇಳಿದರು, “ನಿನಗೆ? ನಿನ್ನ ದೇಶ ಅಂದ್ರೆ ಹೆಮ್ಮೆ ಇದೆಯಾ?”

ದೇಶ ಎಂದರೆ ನನಗೆ ಕಣ್ಣಿಗೆ ಬಂದದ್ದು ನಮ್ಮೂರ ಶಾಲೆಯ ಬಾವುಟದ ಕಂಬ. ಎಂಟನೆಯ ತರಗತಿಯಲ್ಲಿ ನಾನೇ ಎತ್ತರದವಳು ಎಂದು ಸಂಜೆ ಬಾವುಟ ಇಳಿಸುವ ಕೆಲಸ ನನಗೆ ಕೊಟ್ಟಿದ್ದರು. ಚಪ್ಪಲಿ ಬಿಟ್ಟು ಹೋಗಬೇಕು, ನೆಲಕ್ಕೆ ತಾಗಿಸಬಾರದು, ಹೊತ್ತು ಮುಳುಗುವ ಮೊದಲು ಇಳಿಸಬೇಕು. ಒಂದು ಸಲ ಮಳೆ ಬಂತೆಂದು ಮರೆತು ಮನೆಗೆ ಓಡಿದ್ದೆ. “ಕತ್ತಲಲ್ಲಿ ಬಾವುಟ ಬಿಡೋದು ಹೆತ್ತ ತಾಯಿನ ಹೊಸಿಲಾಚೆ ನಿಲ್ಲಿಸಿದ ಹಾಗೆ” ಎಂದು ಮೇಷ್ಟರು ಅಂಗೈಗೆ ನಾಲ್ಕು ಬಾರಿಸಿದರು. ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? “ಇದೆ ಆಂಟಿ” ಎಂದು ನೀರು ಹುಯ್ದೆ.

ಜುಲೈ ಬಂತು. ಆಗಸ್ಟಿನಲ್ಲಿ ಅವರ ರಾಷ್ಟ್ರದಿನ. ಅದಕ್ಕೆ ತಿಂಗಳ ಮೊದಲಿನಿಂದಲೇ ಮನೆಮನೆಯ ಕಿಟಕಿಗೆ, ಮೊಗಸಾಲೆಗೆ ಬಾವುಟ ಕಟ್ಟುತ್ತಾರೆ. ಪ್ರತಿ ವರ್ಷ ಮನೆಯೊಳಗೆ ಚಿಕ್ಕದೊಂದನ್ನು ಇಡುತ್ತಿದ್ದ ಆಂಟಿ, ಈ ಸಲ ದೊಡ್ಡದೇ ಬೇಕು, ಹೊರಗೇ ಕಟ್ಟಬೇಕು ಎಂದು ಹಟ ಹಿಡಿದರು. ಬಾಗಿಲ ಕಡೆಯ ಮೊಗಸಾಲೆಯಲ್ಲಿ ಕಟ್ಟಿದರೆ ಕೆಳಗಿನ ಹಜಾರಕ್ಕೆ ಹೋಗಿಬರುವವರಿಗೆ ಕಾಣುವುದಿಲ್ಲ. ಕಾಣುವುದು ಅಡುಗೆಮನೆಯ ಕಿಟಕಿ.

ಆ ಕಿಟಕಿಯ ವಿಷಯ ಹೇಳಬೇಕು. ಹಳೆಯ ಕಟ್ಟಡಗಳಲ್ಲಿ ಅಡುಗೆಮನೆಯ ಕಿಟಕಿಯಾಚೆ ಗೋಡೆಗೆ ಕಬ್ಬಿಣದ ಕೊಳವೆಗಳನ್ನು ಕೂಡಿಸಿರುತ್ತಾರೆ. ಬಿದಿರು ಗಳುವಿಗೆ ಬಟ್ಟೆ ಪೋಣಿಸಿ ಆ ಕೊಳವೆಗೆ ಸಿಕ್ಕಿಸಿದರೆ ಬಟ್ಟೆ ಗಾಳಿಯಲ್ಲಿ ಒಣಗುತ್ತದೆ. ಹೀಗೆ ಒಣಹಾಕಲು ಹೋಗಿ, ಕಿಟಕಿ ಒರೆಸಲು ಹೋಗಿ, ಕೆಲಸದ ಹೆಂಗಸರು ಬಿದ್ದು ಸತ್ತಿದ್ದಾರೆ. ಸೇರುವ ಮೊದಲು ನಮಗೆ ಒಂದು ದಿನದ ತರಬೇತಿ ಇತ್ತು. ತಮಿಳಿನಲ್ಲಿ ಹೇಳಿದ್ದು ಅರ್ಧ ಅರ್ಥವಾಯಿತು. ಗೋಡೆಯ ಮೇಲೆ ತೋರಿಸಿದ ಚಿತ್ರ ಪೂರ್ತಿ ಅರ್ಥವಾಯಿತು: ತಲೆಕೆಳಗಾಗಿ ಬೀಳುತ್ತಿರುವ ಹೆಂಗಸು, ಕೈಯಲ್ಲಿ ಇನ್ನೂ ಒರೆಸುವ ಬಟ್ಟೆ. ಮನೆಯವರು ಪಕ್ಕದಲ್ಲಿಲ್ಲದೆ ಕಿಟಕಿಯಾಚೆ ಕೈ ಚಾಚುವಂತಿಲ್ಲ, ಕಂಬಿ ಬೀಗ ಹಾಕಿಯೇ ಇರಬೇಕು ಎಂಬುದು ನಿಯಮ. ಮುದುಕಿಯ ಮಗ ಮೊದಲ ದಿನವೇ ಕಂಬಿಬಾಗಿಲಿಗೆ ಬೀಗ ಜಡಿದು, “ಇದನ್ನ ನೀನು ಮುಟ್ಟೋದೇ ಬೇಡ” ಎಂದಿದ್ದರು. ಬಟ್ಟೆಯನ್ನು ನಾನು ಒಳಗಿನ ಸ್ಟ್ಯಾಂಡಿಗೇ ಹರವುತ್ತಿದ್ದೆ.

ಒಂದು ಭಾನುವಾರ ಮಗನೇ ಬೀಗ ತೆಗೆದು, ಬಾವುಟದ ಮೇಲಿನ ಎರಡು ಮೂಲೆಗೆ ದಾರ ಹಾಕಿ, ಆಚೆಯ ಕೊಳವೆಗಳಿಗೆ ಕಟ್ಟಿದರು. ಮೇಲೆ ಕೆಂಪು, ಕೆಳಗೆ ಬಿಳಿ, ಎಡಗಡೆ ಚಂದ್ರ ಮತ್ತು ಐದು ನಕ್ಷತ್ರ. ಬೀಗ ಹಾಕಿ, ಕೀಲಿಯನ್ನು ಕಪಾಟಿನ ಬಿಸ್ಕತ್ ಡಬ್ಬದಲ್ಲಿಟ್ಟರು. ಆಂಟಿ ಹೇಳಿದ ಡಬ್ಬ ಅದೇ. ಮುಚ್ಚಳದ ಮೇಲೆ ಗಾಳಿಗಿರಣಿ, ಹೂವಿನ ಹೊಲ, ಬಿಳಿ ಟೋಪಿಯ ಹೆಂಗಸು.

ಸೋಮವಾರ ಸಂಜೆ ಏಳಕ್ಕೆ ಬೆಳಕು ಕಂದತೊಡಗಿತು. ಮಗ ವಿಮಾನ ನಿಲ್ದಾಣದ ಕೆಲಸದಿಂದ ಬರುವುದು ಎಂಟಕ್ಕೆ, ಬಂದರೂ ಅಡುಗೆಮನೆಗೆ ಕಾಲಿಡುವುದಿಲ್ಲ. ಆಂಟಿ ಕೋಣೆಯಲ್ಲಿ ಜಪಮಾಲೆ ಹಿಡಿದು ಕೂತಿದ್ದರು. ಅದು ಅರ್ಧ ಗಂಟೆಯ ಪ್ರಾರ್ಥನೆ. ನಾನು ಅಕ್ಕಿ ತೊಳೆಯುತ್ತ ಕಿಟಕಿ ನೋಡಿದೆ. ಬಾವುಟ ಇನ್ನೂ ಆಚೆಯೇ ಇತ್ತು. ಯಾರೂ ಇಳಿಸಲಿಲ್ಲ. ನನ್ನ ಅಂಗೈ ಚುರುಗುಟ್ಟಿತು.

ಆ ದೇಶದಲ್ಲಿ ಆ ತಿಂಗಳುಗಳಲ್ಲಿ ಮನೆಗಳ ಬಾವುಟ ರಾತ್ರಿಯೂ ಹಾಗೇ ಇರಬಹುದು ಎಂದು ನನಗೆ ಗೊತ್ತಿರಲಿಲ್ಲ. ಯಾರನ್ನೂ ಕೇಳಲೂ ಇಲ್ಲ. ಮರೆತಿದ್ದಾರೆ, ನಾನು ನೋಡಿಯೂ ಸುಮ್ಮನಿದ್ದರೆ ತಪ್ಪು ನನ್ನದಾಗುತ್ತದೆ ಎಂದುಕೊಂಡೆ. ಡಬ್ಬ ತೆರೆದೆ.

ಕೆಲಸ ಹೀಗೆ: ಚಪ್ಪಲಿ ಬಿಡುವುದು. ಬೀಗ ತೆಗೆಯುವುದು. ಎಡಗೈಯಲ್ಲಿ ಕಂಬಿ ಹಿಡಿದು, ಹೊಟ್ಟೆಯನ್ನು ಕಿಟಕಿಯ ಕಟ್ಟೆಗೆ ಒತ್ತಿ, ಬಲಗೈ ಚಾಚಿ ಎಡ ಮೂಲೆಯ ಗಂಟು ಬಿಚ್ಚುವುದು. ಹಿಡಿಯಲು ಮೂರನೆಯ ಕೈ ಇಲ್ಲವಲ್ಲ, ಆ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಲ ಮೂಲೆಯ ಗಂಟು ಬಿಚ್ಚುವುದು. ಒಳಗೆ ಎಳೆದು ಮಡಿಸಿ, ಎತ್ತರದ ಶೆಲ್ಫಿನಲ್ಲಿ ಇಡುವುದು. ಎಂಜಲಾಯಿತಲ್ಲ ಎಂದು ಪ್ರತಿ ಸಲ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಬೆಳಿಗ್ಗೆ ಮಗ ಹೋದ ಮೇಲೆ, ಶನಿವಾರವಾದರೆ ಅವರು ಏಳುವ ಮೊದಲು, ಹೊತ್ತು ಹುಟ್ಟುವಾಗ ಮತ್ತೆ ಕಟ್ಟುವುದು. ಕೆಳಗೆ ನೋಡಬಾರದು ಎಂದುಕೊಂಡರೂ ಕಣ್ಣು ಹೋಗುತ್ತಿತ್ತು. ಕಾರುಗಳು ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿದ್ದವು. ಬೀಗ ಹಾಕಿ ಕಿಟಕಿಯ ಕೆಳಗೆ ಕೂತು, ಆಮೇಲೆ ಎದ್ದು ಅನ್ನಕ್ಕಿಡುತ್ತಿದ್ದೆ. ಮಗ ಮನೆಯಲ್ಲಿರುವ ಶನಿವಾರ ಭಾನುವಾರ ಸಂಜೆ ಇಳಿಸಲು ಆಗುತ್ತಿರಲಿಲ್ಲ. ಆ ಎರಡು ರಾತ್ರಿ ನಿದ್ದೆಯೂ ಇಲ್ಲ.

ಮೂರು ವಾರ ಹೀಗೆ ನಡೆಯಿತು. ಒಂದು ಸಂಜೆ ಕಲ್ಲುಮೇಜಿನ ಬಳಿ ಅಂಕಲ್ ಕೇಳಿದರು, “ಮ್ಯಾಡಮ್, ನಿಮ್ಮ ಬಾವುಟ ಹಗಲಲ್ಲಿ ಇರುತ್ತೆ, ಕತ್ತಲಾದ್ರೆ ಇರಲ್ಲ. ಏನು, ಹಗಲು ಸಿಂಗಾಪುರ, ರಾತ್ರಿ ಯುರೋಪಾ?”

ಆಂಟಿಯ ಮುಖ ಬಿಳುಚಿತು. ಇಷ್ಟು ದಿನ ಏನಂದರೂ ತಿರುಗಿ ಕೊಡುತ್ತಿದ್ದವರು ಅವತ್ತು ಮಾತಾಡಲಿಲ್ಲ. ಲಿಫ್ಟಿನಲ್ಲಿ ನನ್ನ ಕೈ ಹಿಡಿದು, “ಸುಳ್ಳು ಹೇಳ್ತಾನೆ ಮುದುಕ. ಅಲ್ವಾ ಗರ್ಲ್? ಬಾವುಟ ಅಲ್ಲೇ ಇರುತ್ತಲ್ವಾ?” ಎಂದರು. ಅವರ ಕಣ್ಣಿಗೆ ಅಡುಗೆಮನೆಯ ಬಾಗಿಲಿನಿಂದ ಕಿಟಕಿಯವರೆಗೆ ಕಾಣುತ್ತಿರಲಿಲ್ಲ. ತಲೆ ಆಡಿಸಿದೆ. ಹೌದೋ ಅಲ್ಲವೋ ಎಂದು ನನಗೇ ತಿಳಿಯದ ಹಾಗೆ ಆಡಿಸಿದೆ. ಹೇಳಿದರೆ ಬೀಗ ತೆಗೆದದ್ದು ಹೊರಬರುತ್ತದೆ. ಬೀಗ ತೆಗೆದದ್ದು ಹೊರಬಂದರೆ ಪರ್ಮಿಟ್ಟು ಹೋಗುತ್ತದೆ. ಇಷ್ಟು ದಿನ ಬಾವುಟವನ್ನು ಹೊರಗೆ ಬಿಡಲು ಹೆದರುತ್ತಿದ್ದೆ. ಆ ದಿನದಿಂದ ಒಳಗೆ ತರಲೂ ಹೆದರಿಕೆ. ಆದರೂ ಮರುದಿನ ಏಳಾಗುತ್ತಲೇ ಕಾಲು ತಾನಾಗಿ ಕಪಾಟಿನ ಕಡೆ ನಡೆಯಿತು.

ಆಗಸ್ಟಿನ ಮೊದಲ ವಾರ. ಅವತ್ತು ಮೋಡ ಕವಿದು ಬೇಗ ಕತ್ತಲಾಯಿತು. ನಾನು ಎಡ ಮೂಲೆ ಬಿಚ್ಚಿ ಹಲ್ಲಿಗೆ ಕಚ್ಚಿದೆ. ಬಲ ಮೂಲೆಯ ಗಂಟು ಬಿಚ್ಚಿದ್ದೇ ತಡ, ಗಾಳಿ ಬಂತು. ಅದು ನಮ್ಮೂರ ಗಾಳಿಯಲ್ಲ. ಮಳೆಗೆ ಮುಂಚೆ ಸಮುದ್ರದ ಕಡೆಯಿಂದ ಗೋಡೆಯೇ ಎದ್ದು ಬಂದ ಹಾಗೆ ಬರುತ್ತದೆ. ಬಾವುಟ ಉಬ್ಬಿತು. ನನ್ನನ್ನು ಆಚೆಗೆ ಎಳೆಯಿತು. ಹೊಟ್ಟೆಯ ಕೆಳಗಿನ ಕಟ್ಟೆ ಜಾರಿ ತೊಡೆಗೆ ಬಂತು, ಪಾದ ನೆಲ ಬಿಟ್ಟಿತು. ಎಡಗೈ ಒಂದೇ ಕಂಬಿಯಲ್ಲಿ ಇತ್ತು. ದೇವರೇ ಎಂದು ಕೂಗಲು ಬಾಯಿ ತೆರೆದೆ. ಬಾವುಟ ಹೋಯಿತು. ಭಾರ ತಪ್ಪಿ ನಾನು ಒಳಗೆ ಬಿದ್ದೆ.

ನೆಲದ ಮೇಲೆ ಎಷ್ಟು ಹೊತ್ತು ಇದ್ದೆನೋ. ಕೋಣೆಯಿಂದ ಜಪ ಕೇಳುತ್ತಲೇ ಇತ್ತು. ಎದ್ದು ಬೀಗ ಹಾಕಿ, “ಆಂಟಿ, ಹಾಲು ತರ್ತೀನಿ” ಎಂದು ಹೇಳಿ ಇಳಿದೆ. ಸುರಿಯತೊಡಗಿದ ಮಳೆಯಲ್ಲೇ ಕಟ್ಟಡದ ಹಿಂದಿನ ಹುಲ್ಲಿನಲ್ಲಿ ಹುಡುಕಿದೆ, ಕಾರುಗಳ ನಡುವೆ ಬಗ್ಗಿ ಹುಡುಕಿದೆ. ಅಲ್ಲಿ ಮೇಲಿನಿಂದ ಏನೇ ಬಿದ್ದರೂ ಅಪರಾಧ. ನಾನು ಬೀಳಿಸಿದ್ದು ಅವರ ಬಾವುಟ, ಅದೂ ರಾಷ್ಟ್ರದಿನದ ವಾರದಲ್ಲಿ.

ನಾಲ್ಕನೆಯ ಮಹಡಿಯ ಮೈಸೂರಿನ ಹುಡುಗಿ ಆಫೀಸಿನಿಂದ ಬರುತ್ತಿದ್ದಳು. ನನಗೆ ಈ ಕೆಲಸ ಹುಡುಕಿಕೊಟ್ಟವಳೇ ಅವಳು. “ಆಂಟಿ, ಯಾಕೆ ಹಿಂಗೆ ನೆಂದಿದೀರ? ಏನಾಯ್ತು?” ಎಂದಳು. ನಾನು ಅಳುತ್ತ ಎಲ್ಲ ಹೇಳಿದೆ.

“ಅಯ್ಯೋ, ಗ್ರಿಲ್ ಓಪನ್ ಮಾಡಿದ್ರಾ? ಒಬ್ರೇನಾ?” ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. “ನೋಡಿ ಆಂಟಿ, ಅದನ್ನ ಮಾತ್ರ ಯಾರ ಹತ್ರಾನೂ ಹೇಳ್ಬೇಡಿ. ಲೇಬರ್ ಮಿನಿಸ್ಟ್ರಿಗೆ ಕಂಪ್ಲೇಂಟ್ ಹೋದ್ರೆ ನಿಮ್ಮ ಓನರ್ಗೂ ಪ್ರಾಬ್ಲಮ್ಮು. ಅವ್ರು ರಿಸ್ಕ್ ತಗೊಳಲ್ಲ, ಸೀದಾ ಕ್ಯಾನ್ಸಲ್ ಮಾಡಿ ಫ್ಲೈಟ್ ಹತ್ತಿಸ್ತಾರೆ. ಗಾಳಿಗೆ ಗಂಟು ಬಿಚ್ಕೊಂಡು ಹೋಯ್ತು ಅನ್ನಿ. ಹೆಂಗೂ ಗಾಳಿ ಬಂದಿದೆಯಲ್ಲ, ಸಿಂಪಲ್!” ಆಮೇಲೆ ಮೇಲಕ್ಕೆ ಕೈ ತೋರಿಸಿದಳು. “ಅಲ್ಲಿ ನೋಡಿ, ಅದೇನಾ?”

ಎಂಟನೆಯ ಮಹಡಿಯ ಬಿದಿರು ಗಳುವಿನಲ್ಲಿ, ಒದ್ದೆ ಬನಿಯನ್ನುಗಳ ನಡುವೆ, ಕೆಂಪು ಬಿಳಿ ಬಟ್ಟೆ ಸುತ್ತಿಕೊಂಡು ಪಟಪಟಿಸುತ್ತಿತ್ತು. ಅದು ಅಂಕಲ್ ಮನೆ.

ಲಿಫ್ಟಿನಲ್ಲಿ ಒಬ್ಬಳೇ ಅಭ್ಯಾಸ ಮಾಡಿದೆ. ‘ವಿಂಡ್ ಕಮ್, ಫ್ಲ್ಯಾಗ್ ಗೋ.’ ನಾಲ್ಕೇ ಶಬ್ದ. ಬಾಗಿಲ ಮುಂದೆ ಚಪ್ಪಲಿ ಬಿಟ್ಟು ನಿಂತೆ. ಅಂಕಲ್ ಬಾಗಿಲು ತೆರೆದರು. ಬಾವುಟ ಆಗಲೇ ಅವರ ತೋಳಿನ ಮೇಲಿತ್ತು. ಆ ನಾಲ್ಕು ಶಬ್ದ ಹೇಳಿದೆ.

“ಗಾಳಿ?” ಅವರು ತುಟಿ ಕೊಂಕಿಸಿದರು. “ಈ ಬ್ಲಾಕಿನಲ್ಲಿ ಎಷ್ಟೊಂದು ಬಾವುಟ ಇದಾವೆ. ಗಾಳಿಗೆ ಹೋಗಿದ್ದು ಮ್ಯಾಡಮ್ ಯುರೋಪಿನದು ಒಂದೇ. ಮನಸ್ಸಿಲ್ಲದೆ ಕಟ್ಟಿದ ಗಂಟು ಲಾ. ನಾಳೆ ಕೆಳಗೆ ಬರಲಿ, ಎಲ್ಲರ ಮುಂದೆ ವಾಪಸ್ ಕೊಡ್ತೀನಿ.”

ನನಗೆ ಆಂಟಿಯ ಬಿಳುಚಿದ ಮುಖ ಕಣ್ಣ ಮುಂದೆ ಬಂತು. ನೀವು ನಮ್ಮವರೇ ಎಂದು ಜೀವಮಾನವೆಲ್ಲ ಬೇರೆಯವರು ಅವರನ್ನು ಕೇಳಿದ ಪ್ರಶ್ನೆಗೆ, ಅಲ್ಲ ಎಂದು ಈಗ ನನ್ನ ಸುಳ್ಳು ಉತ್ತರ ಕೊಡುತ್ತಿತ್ತು. ನಿಮ್ಮ ಅಮ್ಮನ ಬಿಳಿ ಸಮವಸ್ತ್ರವೂ ಕಣ್ಣ ಮುಂದೆ ಬಂತು. ಎರಡೂ ಒಟ್ಟಿಗೆ ಬಂದವು. ಬಾಗಿಲ ಚೌಕಟ್ಟು ಹಿಡಿದುಕೊಂಡೆ.

“ಗಾಳಿ ಅಲ್ಲ ಅಂಕಲ್. ನಾನು. ಪ್ರತಿ ಸಂಜೆ ನಾನೇ ಇಳಿಸ್ತೀನಿ. ಆಂಟಿಗೆ ಗೊತ್ತಿಲ್ಲ. ನಮ್ಮ ಶಾಲೆಯಲ್ಲಿ ಹೊತ್ತು ಮುಳುಗಿದ ಮೇಲೆ ಬಾವುಟ ಹೊರಗೆ ಬಿಡಬಾರದು ಅಂತ ಹೇಳಿಕೊಟ್ಟಿದ್ರು.”

ಅವರು ಬಾಗಿಲನ್ನು ಪೂರ್ತಿ ತೆರೆದರು. ಆಮೇಲೆ ಮೆಲ್ಲಗೆ, “ಗೊತ್ತು” ಎಂದರು. “ಕೆಳಗಿಂದ ಮೇಲೆ ಹೋಗುವಾಗ ಕಾರ್ ಪಾರ್ಕಿಂದ ದಿನಾ ನೋಡ್ತಿದ್ದೆ. ಎರಡು ಕೈ, ಒಂದು ತಲೆ. ಯಾಕೆ ಅಂತ ಮಾತ್ರ ತಿಳೀಲಿಲ್ಲ. ಮಿನಿಸ್ಟ್ರಿಗೆ ಫೋನ್ ಮಾಡಬೇಕು ಅಂತ ಎರಡು ಸಲ ಎತ್ತಿಕೊಂಡೆ. ಮಾಡಿದ್ರೆ ನಿನ್ನ ಕಳಿಸ್ತಾರೆ ಅಂತ ಇಟ್ಟೆ. ಚುಚ್ಚಿದ್ರೆ ಮುದುಕಿ ಕೋಪದಲ್ಲಿ ವಿಚಾರಿಸ್ತಾರೆ, ನಿನ್ನ ನಿಲ್ಲಿಸ್ತಾರೆ ಅಂದ್ಕೊಂಡೆ. ಅದಕ್ಕೇ ಅವತ್ತೂ ಚುಚ್ಚಿದೆ, ಈಗಲೂ ಚುಚ್ಚಿದೆ.” ಅವರು ಕಿಟಕಿಯ ಕಡೆ ತಿರುಗಿ ನೋಡಿದರು. “ಇವತ್ತು ಕಿಟಕಿ ಮುಂದೆ ಕೆಂಪಗೆ ಏನೋ ಬಿತ್ತು. ನೀನೇ ಅಂದ್ಕೊಂಡೆ ಗರ್ಲ್.”

ನಾನು ಅವರ ಹೊಸಿಲ ಹೊರಗೆ ಕೂತುಬಿಟ್ಟೆ.

“ಶಾಲೆಯಲ್ಲಿ ನಾವೂ ಮಧ್ಯಾಹ್ನ ಇಳಿಸ್ತಿದ್ವಿ. ನಾನೇ ಮಕ್ಕಳಿಗೆ ಮಡಿಸೋಕೆ ಕಲಿಸಿದ್ದು” ಎಂದು ಬಾವುಟ ಕೊಟ್ಟರು. “ಮನೆಗೆ ಇದು ಅನ್ವಯಿಸಲ್ಲ ಲಾ. ಹೋಗು, ಇವತ್ತೇ ಹೇಳು. ನೀನು ಹೇಳದಿದ್ರೆ ನಾಳೆ ನಾನು ಹೇಳ್ತೀನಿ.”

ಮಗ ಬಂದಿದ್ದರು, ಆಂಟಿಯೂ ಊಟಕ್ಕೆ ಕೂತಿದ್ದರು. ನಾನು ಕೀಲಿಯನ್ನು ಊಟದ ಮೇಜಿನ ಮೇಲಿಟ್ಟು, ನಿಂತುಕೊಂಡೇ ಹೇಳಿದೆ. ಅವರು ಬಾವುಟದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಡುಗೆಮನೆಗೆ ಹೋಗಿ ಕಿಟಕಿಯ ಕೆಳಗೆ ಇಣುಕಿ ಬಂದರು. “ನಿನ್ನ ಮಗಳಿಗೆ ನಾನು ಏನಂತ ಫೋನ್ ಮಾಡಬೇಕಿತ್ತು?” ಎಂದರು. ಕೀಲಿಯನ್ನು ಜೇಬಿಗೆ ಹಾಕಿಕೊಂಡು ಕೋಣೆಗೆ ಹೋದರು. ಪರ್ಮಿಟ್ಟಿನ ಮಾತು ಬರಲಿಲ್ಲ. ಬಾರದ್ದೇ ಇನ್ನೂ ಹೆದರಿಕೆ. ನಾನು ಚೀಲ ಕಟ್ಟಿಟ್ಟೆ.

ಆಂಟಿ ಮೂರು ದಿನ ನನ್ನೊಡನೆ ಮಾತು ಬಿಟ್ಟರು. ಊಟ ಮಾಡುತ್ತಿದ್ದರು, ಸ್ನಾನಕ್ಕೆ ಬರುತ್ತಿದ್ದರು, ಮಾತಿಲ್ಲ. ಬಾವುಟವಿಲ್ಲದ ಕಿಟಕಿಯ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ನಾಲ್ಕನೆಯ ದಿನ, ತಲೆ ಬಾಚುತ್ತಿದ್ದಾಗ, “ಯಾರ ಬಾವುಟ ಅದು, ಬಿದ್ದರೂ ಪರವಾಗಿಲ್ಲ ಅಂತ ಅಷ್ಟು ಆಚೆ ಬಗ್ಗಿದ್ಯಲ್ಲ, ನಿಂದಾ?” ಎಂದರು.

“ನಿಮ್ಮದು ಆಂಟಿ.”

“ಹಾಗಾದ್ರೆ ಮುದುಕನಿಗೆ ಹೇಳು.”

ಹೇಳಬೇಕಾಗಲಿಲ್ಲ. ಸಂಜೆ ಅಂಕಲ್ ತಾವೇ ಕೈಯಲ್ಲಿ ಕ್ಲಿಪ್ಪು ಹಿಡಿದು ಮೇಲೆ ಬಂದರು. ಬಾಗಿಲ ಕಡೆಯ ಮೊಗಸಾಲೆಯ ಎದೆಮಟ್ಟದ ಗೋಡೆಗೆ, ನಿಂತಲ್ಲೇ ಕೈಗೆಟಕುವ ಹಾಗೆ, ಬಾವುಟ ಕಟ್ಟಿದರು. “ಇಲ್ಲಿ ಕಟ್ಟಿದ್ರೆ ಕೆಳಗೆ ಯಾರಿಗೂ ಕಾಣಲ್ಲ” ಎಂದು ಆಂಟಿ ಗೊಣಗಿದರು.

“ನನಗೆ ಕಂಡಿದೆಯಲ್ಲ ಮ್ಯಾಡಮ್” ಎಂದರು ಅಂಕಲ್. ಆ ಸಂಜೆ ಅವರು ಯುರೋಪಿನ ಹೆಸರೆತ್ತಲಿಲ್ಲ.

ಬೆಳಕು ಕಂದತೊಡಗಿತು. ನಾನು ಬಾವುಟದ ಕಡೆ ನೋಡುತ್ತ ನಿಂತಿದ್ದೆ. ಆಂಟಿ ಗಡಿಯಾರ ನೋಡಿ, “ಏಳಾಯ್ತು. ಏನು ನೋಡ್ತಿದೀಯ? ಇಳಿಸು” ಎಂದು ಎರಡೂ ಕೈಯಲ್ಲಿ ಮಡಿಲು ಹರವಿದರು. “ಇಲ್ಲಿ ಹಾಕು. ನೆಲಕ್ಕೆ ತಾಗಿಸಬೇಡ.” ಅವರ ಮಡಿಲಲ್ಲೇ ಮಡಿಸಿದೆ. ಒಂದು ತುದಿಯನ್ನು ಅವರೇ ಹಿಡಿದುಕೊಂಡರು.

ಸೆಪ್ಟೆಂಬರಿನಲ್ಲಿ ಮಗ ಪರ್ಮಿಟ್ಟು ಮುಂದುವರಿಸಿದರು. ಆ ವಿಷಯ ಹೇಳಿದ್ದು ಒಂದೇ ಸಾಲಿನಲ್ಲಿ, ಕಾರಿನ ಕೀಲಿಗೊಂಚಲು ಎತ್ತಿಕೊಳ್ಳುತ್ತ. ಕಿಟಕಿಯ ಕೀಲಿಯೂ ಅದೇ ಗೊಂಚಲಿನಲ್ಲಿತ್ತು. ನಿಮ್ಮ ಅಮ್ಮ ಓದು ಮುಗಿಸಿದಳು.

ಹೆದರಿಕೆ ಮಾತ್ರ ನನ್ನ ಜೊತೆ ವಿಮಾನ ಹತ್ತಿ ಬಂತು. ತಾರಸಿಯಲ್ಲಿ ನೀವು ಗಾಳಿಪಟ ಬಿಡುವಾಗ ನಾನು ಹಿಂದಿನಿಂದ ನಿಮ್ಮ ಅಂಗಿ ಹಿಡಿಯುತ್ತೇನಲ್ಲ, ನೀವು ಕೊಸರಾಡುತ್ತೀರಲ್ಲ, ಆಗ ಒಂದು ಸಲ ನನ್ನ ಕೈ ನೋಡಿ. ಅದು ಯಾವಾಗಲೂ ಎಡಗೈ. ಆ ಕಂಬಿ ಹಿಡಿದಿದ್ದುದೂ ಅದೇ.